ನಿಮ್ಮ ಬೋರಿನ ನೀರು ಎಷ್ಟಡಿಯಲ್ಲಿದೆ? ನೀವೇ ಅಳೆಯಿರಿ, ಸರ್ಕಾರದ ಲೆಕ್ಕದ ಪಕ್ಕ ಇಟ್ಟು ನೋಡಿ

ನಮ್ಮ ಕೋಲಾರದ ಕಡೆ ಯಾರನ್ನಾದರೂ "ಬೋರಲ್ಲಿ ನೀರು ಎಷ್ಟಡಿಗಿದೆ?" ಅಂತ ಕೇಳಿ ನೋಡಿ. "ಸಾವಿರದ ಇನ್ನೂರು" ಅಂತಾರೆ. ಅದು ಬೋರಿನ ಆಳ. ನಾನು ಕೇಳಿದ್ದು ನೀರಿನ ಮಟ್ಟ. ಇವೆರಡೂ ಬೇರೆ ಬೇರೆ ಎಂದು ಗೊತ್ತಿಲ್ಲದೆ ಇನ್ನೊಂದು ಬೋರು ಕೊರೆಸಿ ಸಾಲ ಮಾಡಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಮೋಟರ್ ಎತ್ತುವವನು. ನರಸಾಪುರದ ಸುತ್ತಮುತ್ತ ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೋರಿನ ಒಳಗಿಂದ ಬಂದ ಪೈಪು, ಕೇಬಲ್ಲು, ಕೆಸರು, ತುಕ್ಕು ಎಲ್ಲ ನನ್ನ ಕೈ ಮೇಲೇ ಹೋಗಿವೆ. ಅದಕ್ಕೇ ಇದನ್ನು ಬರೆಯುವ ಧೈರ್ಯ.

ಮೊದಲು ನನ್ನ ಭಾಮೈದನ ಕಥೆ ಹೇಳಿಬಿಡುತ್ತೇನೆ. 2019ರ ಬೇಸಿಗೆ. ಟೊಮೇಟೊ ಹಾಕಿದ್ದ. ಡ್ರಿಪ್ಪಿನ ಕೊನೇ ಸಾಲಿಗೆ ನೀರು ಹೋಗುತ್ತಿರಲಿಲ್ಲ. "ಭಾವ, ಬೋರು ಬತ್ತೋಯ್ತು" ಅಂದ. ಒಂದು ಸಲ ಮೋಟರ್ ಎತ್ತಿ ನೋಡೋಣ ಎಂದೆ. ಕೇಳಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಕರೆಸಿದ, ರಿಗ್ಗು ತರಿಸಿದ. 1350 ಅಡಿ ಕೊರೆದರೂ ಬರೀ ಬಿಳಿ ಧೂಳು. ಆಮೇಲೆ ಹಳೇ ಬೋರಿನ ಮೋಟರ್ ಎತ್ತಿದೆವು. ಕೆಳಗಿನಿಂದ ಹನ್ನೊಂದನೇ ಪೈಪು ತುಕ್ಕು ಹಿಡಿದು ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಮೋಟರ್ ತಳ್ಳಿದ ನೀರು ಅರ್ಧ ದಾರಿಯಲ್ಲೇ ವಾಪಸ್ ಬೋರಿಗೆ ಬೀಳುತ್ತಿತ್ತು. ಹೋಗಿದ್ದು ಒಂದು ಪೈಪು, ಖರ್ಚಾಗಿದ್ದು ಲಕ್ಷಗಟ್ಟಲೆ.

ಆದ್ದರಿಂದ ನೀರು ಕಮ್ಮಿಯಾಯಿತು ಅನ್ನಿಸಿದಾಗ ಮೊದಲ ಕೆಲಸ, 200 ಲೀಟರಿನ ಡ್ರಮ್ಮು ತಂದು ಬೋರಿನ ಬಾಯಿಯ ಹತ್ತಿರವೇ ಇಟ್ಟು ತುಂಬಿಸಿ. ಫೋನಿನಲ್ಲಿ ಸೆಕೆಂಡು ನೋಡಿ. ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 12,000 ಲೀಟರ್. ಎರಡು ನಿಮಿಷ ಹಿಡಿದರೆ 6,000. ರಿಗ್ಗಿನವರು ಹೇಳಿದ "ಮೂರು ಇಂಚು ನೀರು" ಮರೆತುಬಿಡಿ. ಅದು ಕಂಪ್ರೆಸರ್ ಗಾಳಿ ಹೊಡೆದಾಗ ಒಳಗೆ ನಿಂತಿದ್ದ ನೀರೆಲ್ಲ ಒಟ್ಟಿಗೆ ನುಗ್ಗಿ ಬಂದ ಲೆಕ್ಕ. ಮೋಟರ್ ಇಳಿಸಿದ ಮೇಲೆ ದಿನಾ ಅಷ್ಟೇ ಬರಬೇಕು ಅಂತೇನಿಲ್ಲ.

ಎರಡನೆಯದು ನೀರಿನ ಮಟ್ಟ. ಅದನ್ನು ಅಳೆಯಲು ಮೂರು ದಾರಿ ಇವೆ.

ತೆರೆದ ಬಾವಿ ಇದ್ದು ಅದರಲ್ಲಿ ನೀರಿದ್ದರೆ ಸುಲಭ. ಸ್ಟೀಲ್ ಟೇಪು ತಗೊಳ್ಳಿ. ಕೊನೆಯ ನಾಲ್ಕೈದು ಅಡಿಗೆ ಶಾಲೆಯ ಸೀಮೆಸುಣ್ಣ ಬಳಿಯಿರಿ. ತುದಿಗೆ ಸಣ್ಣ ತೂಕ ಕಟ್ಟಿ ಇಳಿಸಿ. ಬಾವಿಕಟ್ಟೆಯ ಅಂಚಿನಲ್ಲಿ ಸರಿಯಾಗಿ 60 ಅಡಿ ಹಿಡಿದಿರಿ ಅಂದುಕೊಳ್ಳಿ. ಎಳೆದು ನೋಡಿದಾಗ ಸುಣ್ಣ 2 ಅಡಿ 4 ಇಂಚು ಒದ್ದೆಯಾಗಿದ್ದರೆ, ನೀರು 57 ಅಡಿ 8 ಇಂಚಿನಲ್ಲಿದೆ. ಅದರಲ್ಲಿ ಕಟ್ಟೆಯ ಎತ್ತರ ಕಳೆಯಿರಿ. ಅಂತರ್ಜಲ ಇಲಾಖೆಯವರು ಬರೆಯುವುದು ನೆಲದಿಂದ ಕೆಳಕ್ಕೆ ಎಷ್ಟು ಎಂಬ ಲೆಕ್ಕ, ಕಟ್ಟೆಯ ಮೇಲಿಂದ ಅಲ್ಲ. ಒಂದೇ ಜಾಗದಲ್ಲಿ ಕಟ್ಟೆಗೆ ಪೇಂಟಿನ ಗುರುತು ಹಾಕಿಟ್ಟರೆ ಪ್ರತಿ ಸಲ ಅಲ್ಲಿಂದಲೇ ಅಳೆಯಬಹುದು.

ಬೋರಿನ ಮೋಟರ್ ಹೇಗೂ ಎತ್ತುತ್ತಿದ್ದರೆ ಪೈಪು ಎಣಿಸಿ. ಒಂದೊಂದು ಪೈಪು 20 ಅಡಿ. ಮೇಲಿನವು ಹೊರಗಡೆ ಒಣಗಿರುತ್ತವೆ, ಒಂದು ಹಂತದಿಂದ ಕೆಳಗೆ ಒದ್ದೆ ಶುರುವಾಗುತ್ತದೆ. ಜಾಯಿಂಟ್ ಬಿಚ್ಚಿದಾಗ ಒಳಗಿನ ನೀರು ಸುರಿದು ಎಲ್ಲ ಒದ್ದೆಯಾಗುತ್ತದೆ, ಅದಕ್ಕೆ ಮೊದಲೇ ನೋಡಬೇಕು. ಹತ್ತಿಪ್ಪತ್ತು ಅಡಿ ಹೆಚ್ಚುಕಮ್ಮಿ ಆಗಬಹುದು, ಆದರೆ ಇದಕ್ಕೆ ಪುಕ್ಕಟೆ ಕಣ್ಣು ಸಾಕು.

ನನಗೆ ಇಷ್ಟವಾದದ್ದು ಮೂರನೆಯದು, ಗಾಳಿ ಟ್ಯೂಬು. ಮೋಟರ್ ಇಳಿಸುವಾಗಲೇ ಪೈಪಿನ ಜೊತೆ ಬೆರಳು ಗಾತ್ರದ ಪ್ಲಾಸ್ಟಿಕ್ ಟ್ಯೂಬು ಕಟ್ಟಿಕೊಂಡು ಇಳಿಸಿ. ಹತ್ತಡಿಗೊಂದು ಕಡೆ ಟೇಪು ಸುತ್ತಿ. ಕೆಳಗಿನ ತುದಿ ತೆರೆದಿರಲಿ, ಪಂಪಿಗಿಂತ ಎರಡಡಿ ಮೇಲಿರಲಿ. ಮೇಲಿನ ತುದಿಗೆ ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟ್ ಹಾಕಿ. ಅದರ ಒಂದು ಕಡೆ ಪ್ರೆಷರ್ ಗೇಜು, ಇನ್ನೊಂದು ಕಡೆ ಸೈಕಲ್ ಟ್ಯೂಬಿನ ವಾಲ್ವು. ಗಾಳಿ ಹೊಡೆದರೆ ಟ್ಯೂಬಿನೊಳಗೆ ನಿಂತ ನೀರು ಕೆಳಕ್ಕೆ ತಳ್ಳಿಕೊಂಡು ಹೋಗುತ್ತದೆ. ಪೂರ್ತಿ ಹೊರಗೆ ಹೋದ ಮೇಲೆ ಎಷ್ಟು ಹೊಡೆದರೂ ತುದಿಯಲ್ಲಿ ಗುಳ್ಳೆ ಏಳುತ್ತದೆ ಅಷ್ಟೆ, ಮುಳ್ಳು ಮೇಲೇರುವುದಿಲ್ಲ. ಅಲ್ಲಿ ನಿಂತ ಅಂಕಿಯೇ ನಿಮಗೆ ಬೇಕಾದದ್ದು. ಗೇಜು ಒತ್ತಡ ತೋರಿಸುವುದು ಪಿಎಸ್‌ಐ ಲೆಕ್ಕದಲ್ಲಿ. ಒಂದು ಪಿಎಸ್‌ಐ ಅಂದರೆ 2.31 ಅಡಿ ನೀರು.

ನನ್ನ ಸ್ವಂತ ಬೋರಿನ ಲೆಕ್ಕ ಹೇಳುತ್ತೇನೆ. 48 ಪೈಪು, ಅಂದರೆ ಟ್ಯೂಬಿನ ತುದಿ ಹೆಚ್ಚುಕಮ್ಮಿ 960 ಅಡಿಯಲ್ಲಿ. ಮುಳ್ಳು 80ಕ್ಕೆ ನಿಂತಿತು. 80ನ್ನು 2.31ರಿಂದ ಗುಣಿಸಿದರೆ 185 ಅಡಿ. ತುದಿಯ ಮೇಲೆ 185 ಅಡಿ ನೀರಿದೆ. 960ರಲ್ಲಿ 185 ಕಳೆದರೆ 775. ನೀರು 775 ಅಡಿಯಲ್ಲಿ ನಿಂತಿದೆ. ಮೊದಲ ಸಲ ಸೈಕಲ್ ಪಂಪಿನಲ್ಲೇ ಹೊಡೆಯಲು ಹೋಗಿ ಇನ್ನೂರಕ್ಕೂ ಜಾಸ್ತಿ ಸಲ ಒತ್ತಿ ರಟ್ಟೆ ಬಿದ್ದುಹೋಯಿತು. ಈಗ ಪಂಕ್ಚರ್ ಅಂಗಡಿಯಿಂದ ಸಣ್ಣ ಕಂಪ್ರೆಸರ್ ತಂದುಕೊಳ್ಳುತ್ತೇನೆ. ಟ್ಯೂಬಿನಲ್ಲಿ ಸೂಜಿಯಷ್ಟು ತೂತಿದ್ದರೂ ಗೇಜು ಸುಳ್ಳು ಹೇಳುತ್ತದೆ. ಇಳಿಸುವ ಮುಂಚೆ ತುದಿ ಮಡಿಚಿ ಕಟ್ಟಿ, ಗಾಳಿ ತುಂಬಿ, ಸೋಪಿನ ನೀರು ಸವರಿ ನೋಡಿ.

ಅಳೆಯುವ ಹೊತ್ತು ಮುಖ್ಯ. ರಾತ್ರಿ ಪೂರ್ತಿ ಮೋಟರ್ ನಿಂತಿರಬೇಕು. ರಾತ್ರಿ ಮೋಟರ್ ಓಡುವ ತ್ರೀ ಫೇಸ್ ಕರೆಂಟು ಕೊಟ್ಟಿದ್ದರೆ ಆವತ್ತು ಬೇಡ. ಬೆಳಿಗ್ಗೆ ಅಳೆದು ಬರೆದುಕೊಂಡು, ಆಮೇಲೆ ಮೋಟರ್ ಹಾಕಿ. ಒಂದು ಗಂಟೆ ಬಿಟ್ಟು ಮತ್ತೆ ಗೇಜು ನೋಡಿ. ನನ್ನದು 80ರಿಂದ 35ಕ್ಕೆ ಇಳಿಯಿತು. ಒಂದೇ ಗಂಟೆಯಲ್ಲಿ ನೂರ ನಾಲ್ಕು ಅಡಿ! ಮೋಟರ್ ನಿಲ್ಲಿಸಿದ ಮೇಲೆ ಮತ್ತೆ 80ಕ್ಕೆ ಬರಲು ಎಷ್ಟು ಗಂಟೆ ಬೇಕು ಎನ್ನುವುದನ್ನೂ ಬರೆಯಿರಿ. ಬೇಗ ತುಂಬಿದರೆ ಬಿರುಕಿನಲ್ಲಿ ನೀರಿದೆ, ಮೋಟರಿನ ಹೊತ್ತು ಹಂಚಿ ಓಡಿಸಿದರೆ ಸಾಕು. ದಿನಪೂರ್ತಿ ಬಿಟ್ಟರೂ ತುಂಬದಿದ್ದರೆ ದೊಡ್ಡ ಮೋಟರ್ ಹಾಕಿ ಪ್ರಯೋಜನವಿಲ್ಲ. ಮಟ್ಟ ಚೆನ್ನಾಗಿದ್ದೂ ಡ್ರಮ್ಮು ತುಂಬದಿದ್ದರೆ ತಪ್ಪು ಪೈಪಿನದ್ದು ಅಥವಾ ಮೋಟರಿನದ್ದು.

ಇನ್ನು ಸರ್ಕಾರದ ಲೆಕ್ಕ. ಕೇಂದ್ರ ಅಂತರ್ಜಲ ಮಂಡಳಿ ಎಂದು ಒಂದಿದೆ, 1970ರಿಂದ. ನಮ್ಮ ರಾಜ್ಯದ ಕೆಲಸ ನೋಡುವ ಅದರ ಆಫೀಸು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನಲ್ಲಿದೆ. ಗೊತ್ತುಮಾಡಿದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಅಳೆಯುತ್ತಾರೆ: ಜನವರಿ, ಮುಂಗಾರಿಗೆ ಮುಂಚೆ ಬೇಸಿಗೆಯಲ್ಲಿ, ಆಗಸ್ಟ್, ನವೆಂಬರ್. ನೀವೂ ಅದೇ ತಿಂಗಳಲ್ಲಿ ಅಳೆಯಿರಿ. ಆಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಆಫೀಸು ಜಿಲ್ಲಾ ಕೇಂದ್ರದಲ್ಲೇ ಇದೆ, ಅವರ ಬಾವಿಗಳೂ ಬೇರೆ ಇವೆ.

ಫೋನಿನಲ್ಲೇ ನೋಡಬೇಕೆಂದರೆ 'ಇಂಡಿಯಾ ಡಬ್ಲ್ಯೂಆರ್‌ಐಎಸ್' ಎಂದು ಹುಡುಕಿ. ಅಂತರ್ಜಲ ಮಟ್ಟ ಎನ್ನುವ ಕಡೆ ರಾಜ್ಯ, ಜಿಲ್ಲೆ ಆರಿಸಿದರೆ ಅಳೆಯುವ ಬಾವಿಗಳ ಪಟ್ಟಿ ಬರುತ್ತದೆ. ಇಲ್ಲಿ ಎಡವುವ ಜಾಗ ಮೂರು. ಅಂಕಿ ಮೀಟರಿನಲ್ಲಿರುತ್ತದೆ, 3.28ರಿಂದ ಗುಣಿಸಿ ಅಡಿ ಮಾಡಿಕೊಳ್ಳಿ. ಅಂಕಿ ದೊಡ್ಡದಾದಷ್ಟೂ ನೀರು ಕೆಳಗಿದೆ ಎಂದರ್ಥ. ನಾನು ಮೊದಲ ಸಲ ನೋಡಿದಾಗ ಅಂಕಿ ಏರುತ್ತಾ ಹೋಗಿದ್ದು ಕಂಡು ನೀರು ಏರಿದೆ ಅಂತ ಖುಷಿಪಟ್ಟಿದ್ದೆ. ಮೂರನೆಯದು, ಅವರ ಬಾವಿಗಳಲ್ಲಿ ಎಷ್ಟೋ ನಿಮ್ಮ ಬೋರಿನಷ್ಟು ಆಳ ಇರುವುದಿಲ್ಲ. ಅಲ್ಲಿ ನೀರು 20 ಮೀಟರಿನಲ್ಲಿ, ನಿಮ್ಮದು 775 ಅಡಿಯಲ್ಲಿ ಎಂದರೆ ಯಾರೂ ಸುಳ್ಳು ಬರೆದಿಲ್ಲ. ಅದು ಮೇಲಿನ ಕೊಳೆತ ಕಲ್ಲಿನ, ಅಂದರೆ ಸವೆದು ಮೆತ್ತಗಾದ ಕಲ್ಲಿನ ನೀರು, ನಿಮ್ಮದು ಕೆಳಗಿನ ಗಟ್ಟಿ ಕಲ್ಲಿನ ಬಿರುಕಿನದ್ದು. ಅದಕ್ಕೇ ಅಂಕಿಗೆ ಅಂಕಿ ಹೋಲಿಸಬೇಡಿ. ಹೋದ ವರ್ಷದ ಮೇ ತಿಂಗಳಿಗೂ ಈ ವರ್ಷದ ಮೇ ತಿಂಗಳಿಗೂ ಅಲ್ಲಿ ಎಷ್ಟು ಇಳಿಯಿತು, ನಿಮ್ಮಲ್ಲಿ ಎಷ್ಟು ಇಳಿಯಿತು, ಅದನ್ನು ನೋಡಿ. ಅಲ್ಲಿ ಹಾಗೇ ಇದ್ದು ನಿಮ್ಮಲ್ಲಿ ಮಾತ್ರ ಕುಸಿದಿದ್ದರೆ, ನಿಮ್ಮ ಸುತ್ತಮುತ್ತ ಹೊಸದಾಗಿ ಯಾರು ಕೊರೆಸಿದರು ಅಂತ ವಿಚಾರಿಸಿ.

ಮಟ್ಟ ಯಾಕೆ ಹೀಗೆ ಜಿಗಿದಾಡುತ್ತದೆ? ನಮ್ಮ ಕೆಳಗಿರುವುದು ಗ್ರಾನೈಟು, ಮತ್ತೆ ನೈಸ್ ಎನ್ನುವ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಮರಳಿನ ಹಾಗೆ ನೀರು ಹಿಡಿಯುವುದಿಲ್ಲ. ಸರ್ಕಾರದ ವಿಜ್ಞಾನಿಗಳು ಲೆಕ್ಕಕ್ಕೆ ಹಿಡಿಯುವುದು ಕೊಳೆತ ಕಲ್ಲಿನಲ್ಲೇ ನೂರಕ್ಕೆ ಎರಡು ಮೂರು ಭಾಗ ನೀರು. ಅದಕ್ಕೂ ಕೆಳಗಿನ ಗಟ್ಟಿ ಕಲ್ಲಿನಲ್ಲಿ ಬಿರುಕಿನಲ್ಲಿ ಇದ್ದಷ್ಟೇ. ಹಾಗಾಗಿ ಮೇಲಿಂದ ಒಂದು ಇಂಚು ನೀರು ಇಂಗಿದರೆ ಕೊಳೆತ ಕಲ್ಲಿನಲ್ಲಿ ಮಟ್ಟ ಮೂರು ನಾಲ್ಕು ಅಡಿ ಏರುತ್ತದೆ, ಒಂದು ಇಂಚು ಎಳೆದರೆ ಅಷ್ಟೇ ಇಳಿಯುತ್ತದೆ. 2021ರ ನವೆಂಬರಿನ ಮಳೆಗೆ ಕೆರೆಗಳು ಕೋಡಿ ಹರಿದಾಗ ನಾನು ಮೂರು ತಿಂಗಳು ಮೋಟರ್ ಎತ್ತುವ ಕೆಲಸವಿಲ್ಲದೆ ಕೂತಿದ್ದೆ. ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬರುವುದನ್ನು ನೋಡಿದ್ದೀರಲ್ಲ, ಅದೂ ಬೆಟ್ಟದ ಕಲ್ಲಿನ ಸಂದಿಯ ನೀರೇ.

ಇಷ್ಟೆಲ್ಲ ನೋಡಿದ ಮೇಲೂ ಬೋರು ಬೇಕೇಬೇಕು ಎಂದರೆ, ತೆಂಗಿನಕಾಯಿಗಿಂತ ಮೊದಲು ಭೂವಿಜ್ಞಾನಿಯನ್ನು ಕರೆಸಿ. ಅವರು ನೆಲಕ್ಕೆ ನಾಲ್ಕು ಗೂಟ ಹೊಡೆದು, ಎರಡರಲ್ಲಿ ಕರೆಂಟು ಬಿಟ್ಟು, ಇನ್ನೆರಡರಲ್ಲಿ ವೋಲ್ಟೇಜು ನೋಡುತ್ತಾರೆ. ಒದ್ದೆ ಕಲ್ಲು ಕರೆಂಟನ್ನು ಬಿಡುತ್ತದೆ, ಗಟ್ಟಿ ಕಲ್ಲು ತಡೆಯುತ್ತದೆ. ಒಣ ನೆಲವಾದರೆ ಗೂಟದ ಬುಡಕ್ಕೆ ಉಪ್ಪುನೀರು ಹಾಕುತ್ತಾರೆ. ಕೊಳೆತ ಕಲ್ಲು ಎಷ್ಟು ಆಳದವರೆಗಿದೆ ಎನ್ನುವುದನ್ನು ಇದು ಚೆನ್ನಾಗಿ ಹೇಳುತ್ತದೆ. ಸಾವಿರ ಅಡಿ ಕೆಳಗಿನ ಬಿರುಕಿಗೆ ಗ್ಯಾರಂಟಿ ಕೊಡುವುದಿಲ್ಲ. ಒಳ್ಳೆಯ ಭೂವಿಜ್ಞಾನಿಯಾದರೆ ಅದನ್ನು ಬಾಯಿಬಿಟ್ಟು ಹೇಳುತ್ತಾನೆ. ಹೇಳದಿದ್ದರೆ ನನಗೆ ಅನುಮಾನ. ಜಮೀನಿನಲ್ಲಿ ಉದ್ದಕ್ಕೆ ಗೋಡೆ ಕಟ್ಟಿದ ಹಾಗೆ ಕರಿಕಲ್ಲಿನ ಸಾಲು ಹಾದುಹೋಗಿದ್ದರೆ ಅವರಿಗೆ ತೋರಿಸಿ, ಅದು ನೆಲದೊಳಗೂ ಗೋಡೆಯ ಹಾಗೆ ನೀರನ್ನು ತಡೆದು ಒಂದು ಪಕ್ಕ ನಿಲ್ಲಿಸಿರಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ 'ಭೂಕೋಶ್' ಎಂಬ ಜಾಲತಾಣದಲ್ಲಿ ಕಲ್ಲಿನ ನಕ್ಷೆ ಪುಕ್ಕಟೆ ಸಿಗುತ್ತದೆ. ಕೋಲಾರ ಜಿಲ್ಲೆಯ ತಾಲ್ಲೂಕುಗಳೆಲ್ಲ 'ಅತಿ ಬಳಕೆ' ಪಟ್ಟಿಯಲ್ಲಿವೆ, ಅಂದರೆ ವರ್ಷಕ್ಕೆ ಇಂಗುವುದಕ್ಕಿಂತ ಎತ್ತುವುದೇ ಜಾಸ್ತಿ. ಹಾಗಾಗಿ ಕೊರೆಸುವ ಮುಂಚೆ ಅನುಮತಿ ಬೇಕು. ಫೇಲಾದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಸುಮ್ಮನಾಗಬೇಡಿ, ಮಣ್ಣು ತುಂಬಿಸಿ. ಮಕ್ಕಳು ಓಡಾಡುವ ಜಾಗ.

ಕುಡಿಯುವ ನೀರಾದರೆ ಫ್ಲೋರೈಡ್ ಪರೀಕ್ಷೆ ಬಿಡಬೇಡಿ. ಅದು ಯಾರೋ ಸುರಿದದ್ದಲ್ಲ, ನಮ್ಮ ಗ್ರಾನೈಟಿನ ಒಳಗೇ ಇರುವುದು ಕರಗಿ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಮೋಟರ್ ಹಾಕಿ ಹದಿನೈದು ನಿಮಿಷ ನೀರು ಹೋಗಲು ಬಿಡಿ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕಂಠಮಟ್ಟ ತುಂಬಿ, ಊರು, ತಾರೀಕು, ಬೋರಿನ ಆಳ ಬರೆದು ಅಂಟಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕೊಡಿ. ನಾನೊಮ್ಮೆ ಆಳ ಬರೆಯದೆ ಕೊಟ್ಟು, ರಿಪೋರ್ಟು ಯಾವ ಬೋರಿನದ್ದು ಎಂದೇ ತಿಳಿಯದೆ ಎರಡನೇ ಸಲ ಹೋಗಿದ್ದೆ. ನಮ್ಮ ಲಕ್ಷ್ಮೀಸಾಗರದ ಹಾಗೆ 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿರುವ ಕೆರೆಯ ಪಕ್ಕದ ಬೋರಾದರೆ ಫ್ಲೋರೈಡ್ ಒಂದೇ ಅಲ್ಲ, ಎಲ್ಲ ಪರೀಕ್ಷೆಯನ್ನೂ ಮಾಡಿಸಿ. ಅದು ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಅಂತರ್ಜಲ ತುಂಬಿಸಲು ಬಿಟ್ಟ ನೀರು, ನೇರ ಕುಡಿಯಲು ಅಲ್ಲ.

ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅದನ್ನು ಸ್ಟಾರ್ಟರ್ ಡಬ್ಬದೊಳಗೆ ಇಡಬೇಡಿ, ನನ್ನ ಮೊದಲ ಪುಸ್ತಕ ಅಲ್ಲೇ ಸುಟ್ಟುಹೋಯಿತು. ಮನೆಯಲ್ಲಿಡಿ. ಅಳೆದಾದ ಮೇಲೆ ಗೇಜು ಬಿಚ್ಚಿಕೊಂಡು, ಟ್ಯೂಬಿನ ಬಾಯಿಗೆ ಬಾಟಲಿ ಮುಚ್ಚಳ ಹಾಕಿ ರಬ್ಬರ್ ಬ್ಯಾಂಡು ಸುತ್ತಿ. ಇಲ್ಲದಿದ್ದರೆ ಮುಂದಿನ ಸಲ ಹೋಗುವಷ್ಟರಲ್ಲಿ ಕಣಜ ಗೂಡು ಕಟ್ಟಿರುತ್ತದೆ.