ಕಾವ್ಯನಾಮ ಇಟ್ಟುಕೊಳ್ಳುವ ಮುಂಚೆ ಪಾಸ್‌ಬುಕ್ ನೋಡಿ

ನನ್ನ ಮೊದಲ ಕಾವ್ಯನಾಮ 'ಗಿರಿಜಾತನಯ'. ಅಮ್ಮನ ಹೆಸರು ಗಿರಿಜಾ. ಬೇಂದ್ರೆಯವರು ತಾಯಿಯ ಹೆಸರು ಸೇರಿಸಿಕೊಂಡು 'ಅಂಬಿಕಾತನಯದತ್ತ' ಆದರಲ್ಲ, ನಾನೂ ಹಾಗೇ ಆಗೋಣ ಅಂತ. ಆದರೆ ಗಿರಿಜೆಯ ಮಗ ಅಂದರೆ ಗಣಪ ಅಲ್ವಾ? ಹೊಳೆಯಲೇ ಇಲ್ಲ. ಒಂದು ಪತ್ರಿಕೆಯವರು ನನ್ನ ಪ್ರೇಮಕವಿತೆಯನ್ನು ಭಕ್ತಿ ಪುಟಕ್ಕೆ ಹಾಕಿಬಿಟ್ಟರು, ಪಕ್ಕದಲ್ಲಿ ಗರಿಕೆಯ ಚಿತ್ರ. ಅಮ್ಮ ಓದಿ, "ಇದು ಯಾವ ದೇವಿ ಮೇಲಿನ ಸ್ತೋತ್ರನೋ?" ಅಂದರು.

ಅದಕ್ಕೇ ಹೇಳೋದು, ಹೆಸರನ್ನು ಮೊದಲು ಮನೆಯಲ್ಲಿ ಜೋರಾಗಿ ಹೇಳಿ. ಯಾರಾದರೂ ನಕ್ಕರೆ ಯಾಕೆ ಅಂತ ಕೇಳಿ.

ಯಾಕೆ ಬೇಕು ಅನ್ನೋದೂ ಗೊತ್ತಿರಲಿ. ಹೆಸರು ಉದ್ದ ಅಂತಲಾ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ 'ಕುವೆಂಪು' ಆದ ಹಾಗೆ ಊರು, ಅಪ್ಪ, ನೀವು, ಮೂವರಿಂದ ಒಂದೊಂದಕ್ಷರ ಹೆಕ್ಕಿ ನೋಡಿ. ನಾನೂ ಹೆಕ್ಕಿದೆ. ಬೇಗೂರು ಸದಾಶಿವ ರಮೇಶ: 'ಬೇಸರ'. ಅಲ್ಲಿಗೆ ಬಿಟ್ಟೆ.

ಊರವರಿಗೆ ಗೊತ್ತಾಗಬಾರದು ಅಂತಲಾ? ವೈದೇಹಿಯವರು 'ಸುಷಮಾ' ಪತ್ರಿಕೆಗೆ ಕಳಿಸಿದ ಕತೆ ನಿಜವಾಗಿ ನಡೆದದ್ದು. ಹಾಗಾಗಿ ಆಮೇಲೆ ಹಾಕಬೇಡಿ ಅಂದರು. ಸಂಪಾದಕರು ಲೇಖಕಿಯ ಹೆಸರು ಬದಲಿಸಿ ಹಾಕಿಯೇಬಿಟ್ಟರು. ಆ ಹೆಸರೇ ನಿಂತಿತು. ಆದರೆ ನಿಮ್ಮ ಹೆಸರು ಮುಚ್ಚಿದರೆ ಸಾಲದು. ಕತೆಯಲ್ಲಿ ಪಕ್ಕದ ಮನೆಯ ಹಸಿರು ಗೇಟು, ಕುಂಟು ನಾಯಿ ಹಾಗೇ ಉಳಿದಿದ್ದರೆ ಸಂಜೆಯೊಳಗೆ ಜಗಳ ಬಾಗಿಲಿಗೆ ಬರುತ್ತದೆ.

ಕಾನೂನಿನ ಮಾತು ಸ್ವಲ್ಪ. ನಮ್ಮ ದೇಶದಲ್ಲಿ ಬರಹದ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಕಾವ್ಯನಾಮದ ಹಿಂದೆ ಯಾರಿದ್ದಾರೆ ಅಂತ ಗೊತ್ತೇ ಆಗದಿದ್ದರೆ ಮಾತ್ರ ಪ್ರಕಟವಾದಲ್ಲಿಂದ 60 ವರ್ಷ. ಮಕ್ಕಳಿಗೆ ಏನಾದರೂ ಸಿಗಲಿ ಅಂತಿದ್ದರೆ ಗುಟ್ಟನ್ನು ತೀರಾ ಭದ್ರ ಮಾಡಬೇಡಿ.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬೀಳೋದು ಬ್ಯಾಂಕಿನಲ್ಲಿ. ನನ್ನ ಮೊದಲ ಗೌರವಧನ 300 ರೂಪಾಯಿ, ಚೆಕ್ಕು 'ಗಿರಿಜಾತನಯ' ಹೆಸರಿಗೆ. ಕೌಂಟರಿನವರು ಚೆಕ್ಕು ನೋಡಿ, ನನ್ನನ್ನು ನೋಡಿ, "ಅವರನ್ನೇ ಕಳಿಸಿ ಸಾರ್" ಅಂದರು. ಈಗ ಹಸ್ತಪ್ರತಿಯ ಕೊನೆಯಲ್ಲಿ ಪಾಸ್‌ಬುಕ್ಕಿನಲ್ಲಿರುವಂತೆಯೇ ಹೆಸರು, ಖಾತೆ ನಂಬರು, ಐಎಫ್‌ಎಸ್‌ಸಿ ಬರೆದು, ಕೆಳಗೆ 'ಅಚ್ಚಿನಲ್ಲಿ ಮಾತ್ರ ಕಾವ್ಯನಾಮ ಹಾಕಿ' ಅಂತ ಸೇರಿಸುತ್ತೇನೆ. ನೀವೂ ಹಾಗೇ ಮಾಡಿ.

ಆ ಚೆಕ್ಕು ಅಮ್ಮನ ಟ್ರಂಕಿನಲ್ಲಿದೆ. ತನ್ನ ಹೆಸರಿಗೆ ಬಂದ ದುಡ್ಡು ಅಂತಾರೆ.