ಕಿನ್ನಾಳದ ಕೋಣೆಗಳಲ್ಲಿ ಎಕ್ಸ್‌ಪೋಷರ್: ನನ್ನ ಅನುಭವ

ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಮರದ ಗೊಂಬೆಗಳನ್ನು ಮಾಡುವುದನ್ನು ನಾನು ಹಲವು ವರ್ಷಗಳಿಂದ ಕ್ಯಾಮೆರಾದಲ್ಲಿ ದಾಖಲಿಸುತ್ತ ಬಂದಿದ್ದೇನೆ. ಅವರು ಕೆಲಸ ಮಾಡುವ ಕೋಣೆಗಳಿಗೆ ಬಾಗಿಲಿನಿಂದ ಒಂದಿಷ್ಟು ಬೆಳಕು ಬರುತ್ತದೆ, ಗೋಡೆಯ ಮೇಲೆ ಒಂದು ಟ್ಯೂಬ್‌ಲೈಟ್ ಇರುತ್ತದೆ. ಇಂಥಲ್ಲಿ ಎಕ್ಸ್‌ಪೋಷರ್‌ಗಾಗಿ, ಅಂದರೆ ಫೋಟೊಗೆ ಬೇಕಾದಷ್ಟು ಬೆಳಕು ಸಿಗಲು, ನಾನು ಮೊದಲು ನಿರ್ಧರಿಸುವುದು ಶಟರ್ ವೇಗವನ್ನು (ಬೆಳಕು ಒಳಬರುವ ಅವಧಿ), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ) ಆಮೇಲೆ, ಉಳಿದ ಕೊರತೆಯನ್ನು ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ) ತುಂಬಬೇಕು.

ಶಟರ್ ವೇಗಕ್ಕೆ ಮೊದಲ ಸ್ಥಾನ ಕೊಡಲು ಕಾರಣ ಅಲ್ಲಿ ದುಡಿಯುವ ಕೈಗಳು. ಗೊಂಬೆಯ ಕಣ್ಣು ಬರೆಯುವಾಗ ಕುಂಚ ನಿಧಾನವಾಗಿ ಸರಿಯುತ್ತದೆ, ಸೆಕೆಂಡಿನ 1/100 ಸಾಕಾಗುತ್ತದೆ. ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವೆಂಬ ಕಣಕವನ್ನು ಬೆರಳಿನಿಂದ ಮೆತ್ತುವಾಗ 1/200 ಬೇಕು. ಲೆನ್ಸಿನ ಅಲುಗಾಟ ತಡೆಯುವ ವ್ಯವಸ್ಥೆ ನನ್ನ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನವರ ಕೈಯ ಚಲನೆಯನ್ನಲ್ಲ ಎಂಬುದನ್ನು ಹೊಸದಾಗಿ ಕಲಿಯುವವರಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಟ್ಯೂಬ್‌ಲೈಟಿನದು ಬೇರೆಯೇ ಲೆಕ್ಕ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಳೆಯ ಚೋಕಿನ ಟ್ಯೂಬು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. 1/50 ಅಥವಾ 1/100 ಇಟ್ಟರೆ ಪೂರ್ಣ ಏರಿಳಿತಗಳು ಫೋಟೊದೊಳಗೆ ಬರುವುದರಿಂದ ಬೆಳಕು ಸಮನಾಗಿರುತ್ತದೆ; ಅದಕ್ಕಿಂತ ವೇಗವಾದರೆ ಒಂದು ಫೋಟೊ ಬೆಳ್ಳಗೆ, ಮುಂದಿನದು ಕಪ್ಪಗೆ ಬರಬಹುದು, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಅಡ್ಡ ಪಟ್ಟಿಗಳೂ ಮೂಡಬಹುದು. ಆದ್ದರಿಂದ 1/200 ಬೇಕಾದಾಗ, ಬಾಗಿಲಿನ ಬೆಳಕು ಸಾಲುವಂತಿದ್ದರೆ, “ಅಜ್ಜಾರ, ಒಂದ್ ಗಳಿಗಿ ಲೈಟ್ ಆರಸ್ಲೇನ್ರಿ?” ಎಂದು ಕೇಳಿ ಆರಿಸುತ್ತೇನೆ. ಎರಡು ಬಗೆಯ ಬೆಳಕು ಬೆರೆತು ಗೊಂಬೆಯ ಬಣ್ಣ ಕೆಡುವುದೂ ಇದರಿಂದ ತಪ್ಪುತ್ತದೆ.

ಮಂದ ಬೆಳಕೆಂದು ಅಪರ್ಚರನ್ನು ಪೂರ್ತಿ ತೆರೆಯುವುದು ಎಲ್ಲ ಸಲವೂ ಸರಿಯಲ್ಲ. ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿನಿಂದ ಒಂದು ಮೀಟರ್ ದೂರದ ವಸ್ತುವನ್ನು ತೆಗೆಯುವಾಗ ಎಫ್ 1.8ರಲ್ಲಿ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಸುಮಾರು 4 ಸೆಂ.ಮೀ. ಆಳ ಮಾತ್ರ ಸ್ಪಷ್ಟವಾಗಿರುತ್ತದೆ, ಎಫ್ 2.8ರಲ್ಲಿ 6ರಿಂದ 7 ಸೆಂ.ಮೀ. ಕುಂಚದ ತುದಿಯೂ ಗೊಂಬೆಯ ಮುಖವೂ ಎರಡೂ ನಿಚ್ಚಳವಾಗಿ ಬರಬೇಕಾದ್ದರಿಂದ ನಾನು ಎಫ್ 2.8ಕ್ಕಿಂತ ಹೆಚ್ಚು ತೆರೆಯುವುದು ಅಪರೂಪ.

ಇಷ್ಟಾದ ಮೇಲೆ ಐಎಸ್‌ಒ ಸಾಮಾನ್ಯವಾಗಿ 1600ಕ್ಕೆ ಬಂದು ನಿಲ್ಲುತ್ತದೆ; 1/200ಕ್ಕೆ ಹೋದರೆ 3200. ಈ ಅಂಕಿಗೆ ಹೆದರಬೇಕಾಗಿಲ್ಲ. ಐಎಸ್‌ಒ ಏರಿದಾಗ ಫೋಟೊದಲ್ಲಿ ಕಾಣುವ ಕಾಳುಕಾಳನ್ನು, ಅಂದರೆ ನಾಯ್ಸನ್ನು, ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಆದರೆ ಕಲಸಿಹೋದ ಬೆರಳುಗಳನ್ನು ಸರಿಪಡಿಸುವ ದಾರಿ ನನಗೆ ತೃಪ್ತಿ ತಂದಿಲ್ಲ. ಕಡಿಮೆ ಐಎಸ್‌ಒದಲ್ಲಿ ಕತ್ತಲೆಯಾಗಿ ತೆಗೆದು ಆಮೇಲೆ ಬೆಳಗಿಸಿದರೂ ನೆರಳಿನ ಭಾಗದ ನಾಯ್ಸ್ ಕಡಿಮೆಯಾಗುವುದಿಲ್ಲ.

ಬೆಳಕಿನ ಅಳತೆಗೆ ಕ್ಯಾಮೆರಾದ ಮೀಟರನ್ನೇ ಪೂರ್ತಿ ನೆಚ್ಚಲಾಗದು. ಬೆಳಗುವ ಬಾಗಿಲು ಚೌಕಟ್ಟಿನೊಳಗೆ ಬಂದರೆ ಮೀಟರು ಕುಳಿತವರನ್ನು ಕಪ್ಪಾಗಿಸುತ್ತದೆ. ನಾನು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿನಿಂದ ಅವರ ಮುಖವನ್ನು ಅಳೆದು, ಮ್ಯಾನುಯಲ್‌ನಲ್ಲಿ ಅಂಕಿಗಳನ್ನು ಕಟ್ಟಿಹಾಕಿ, ಬಾಗಿಲಿನಾಚೆಯ ಬೀದಿ ಬೆಳ್ಳಗಾದರೆ ಆಗಲಿ ಎಂದು ಬಿಡುತ್ತೇನೆ. ಗೊಂಬೆಯ ಮೇಲಿನ ಹೊಳಪು ಬಣ್ಣ ಮಾತ್ರ ಬೆಳ್ಳಗಾಗಕೂಡದು. ಕಿನ್ನಾಳದ ಕೆಲಸದ ಜೀವವೇ ಆ ಹೊಳಪು. ಅದಕ್ಕಾಗಿ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡುತ್ತೇನೆ, ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲೇ ತೆಗೆಯುತ್ತೇನೆ.

ಇದೇ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಈ ಗುಡಿಯ ಒಳಮಂಟಪದಲ್ಲಿ ಅಲುಗಾಡುವುದು ಏನೂ ಇಲ್ಲದ್ದರಿಂದ ಅಪರ್ಚರನ್ನೇ ಮೊದಲು ಎಫ್ 5.6ಕ್ಕೆ ಇಡುತ್ತೇನೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಅದಿಲ್ಲದಾಗ ನೆಲದ ಮೇಲೆ ಕುಳಿತು ಮೊಣಕೈಗಳನ್ನು ಮೊಣಕಾಲಿಗೆ ಊರಿ, ಅಗಲ ಲೆನ್ಸಿನಲ್ಲಿ 1/15ರವರೆಗೆ ಇಳಿಯುತ್ತೇನೆ. ಮೀಟರು ಎಲ್ಲವನ್ನೂ ನಡುಬೂದು ಮಾಡಲು ಹವಣಿಸುವುದರಿಂದ ಅಲ್ಲಿಯ ನುಣುಪಾದ ಕರಿಗಂಬಗಳು ಬೂದಿ ಬಣ್ಣಕ್ಕೆ ತಿರುಗುತ್ತವೆ. ಒಂದು ಸ್ಟಾಪ್ ಇಳಿಸಿದರೆ, ಅಂದರೆ ಬೆಳಕನ್ನು ಅರ್ಧಕ್ಕೆ ತಂದರೆ, ಕಲ್ಲು ಕಲ್ಲಿನ ಬಣ್ಣದಲ್ಲೇ ಬರುತ್ತದೆ, ಕಂಬದ ತಿರುಗಣೆಯ ಅಂಚುಗಳೂ ಎದ್ದು ಕಾಣುತ್ತವೆ.