ಕುಂಬು ಮರದ ಮೇಲಿನ ಬಣ್ಣದ ಲೋಳೆ: ಹುಡುಕುವುದು, ಫೋಟೊ ತೆಗೆಯುವುದು ಹೇಗೆ?

ಮಳೆಗಾಲದಲ್ಲಿ ತೋಟದ ಬದಿಯ ಕುಂಬಾದ ಮರದ ಮೇಲೆ ಹಳದಿ ಲೋಳೆ ಹರಡಿರುತ್ತದೆ, ನೋಡಿದ್ದೀರಲ್ವಾ? ನಾಯಿ ವಾಂತಿ ಮಾಡಿದೆ ಅಂತ ಮೂಗು ಮುಚ್ಚಿಕೊಂಡು ದಾಟಿ ಹೋಗುವವರೇ ಜಾಸ್ತಿ. ಅದು ಬಹುಪಾಲು ಫುಲಿಗೊ ಸೆಪ್ಟಿಕಾ ಎಂಬ ಸ್ಲೈಮ್ ಮೋಲ್ಡ್. ಅಣಬೆ ಅಲ್ಲ, ಗಿಡವೂ ಅಲ್ಲ, ಅಮೀಬಾದ ಬಳಗಕ್ಕೆ ಸೇರಿದ್ದು. ಕೊಳೆತ ಮರದಲ್ಲಿರುವ ಬ್ಯಾಕ್ಟೀರಿಯಾಗಳನ್ನು ತಿನ್ನುತ್ತಾ ನಿಧಾನವಾಗಿ ತೆವಳುತ್ತದೆ. ಇಂಥ ಹೆಚ್ಚಿನ ಸ್ಲೈಮ್ ಮೋಲ್ಡುಗಳು ತಿನ್ನಲು ಏನೂ ಸಿಗದಾದಾಗ ಅಥವಾ ಒಣಗತೊಡಗಿದಾಗ ತೆವಳುವುದನ್ನು ಬಿಟ್ಟು ಬೀಜಕಣ ತುಂಬಿದ ಪುಟ್ಟ ಕಾಯಿಗಳಾಗಿ ನಿಲ್ಲುತ್ತವೆ. ಫೋಟೊಕ್ಕೆ ಚಂದ ಕಾಣುವುದು ಈ ಕಾಯಿಗಳೇ.

ಇದಕ್ಕೆ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟಕ್ಕೇ ಹೋಗಬೇಕು ಅಂತ ಇಲ್ಲ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯವರಿಗೆ ಮನೆ ಹಿಂದಿನ ಗುಡ್ಡೆಯೇ ಸಾಕು. ಜೋರು ಮಳೆ ಸುರಿಯುವಾಗ ಹೋದರೆ ಸುಮ್ನೆ ನೆನೆದು ಬರುತ್ತೀರಿ ಅಷ್ಟೆ. ಮಳೆಯ ಹೊಡೆತಕ್ಕೆ ಸೂಕ್ಷ್ಮವಾದ ಕಾಯಿಗಳು ತೊಳೆದು ಹೋಗಿರುತ್ತವೆ. ನಾಲ್ಕೈದು ದಿನ ಮಳೆ ಬಿದ್ದು ಒಂದೆರಡು ದಿನ ಹೊಳವು ಸಿಕ್ಕಿತು ಅನ್ನಿ, ಆಗ ಹೊರಡಿ. ಆಟಿ ತಿಂಗಳ ನಡುವೆ ಸಿಗುವ ಬಿಡುವು, ಆಮೇಲೆ ಸೆಪ್ಟೆಂಬರ್, ತುಲಾಮಾಸದ ಗುಡುಗು ಮಳೆಯ ದಿನಗಳು ಒಳ್ಳೆಯವು.

ಮೊದಲು ಬಿದ್ದ ಮರ ಹುಡುಕಿ. ತೊಗಟೆ ಅರ್ಧ ಕಳಚಿದ, ಉಗುರು ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾದ ಮರ ಬೇಕು. ಹಲಸು, ಮಾವು, ಗೇರು, ಕಡಿದ ರಬ್ಬರಿನ ಬುಡ, ಯಾವುದಾದರೂ ಆದೀತು. ಹಳೇ ಅಡಿಕೆ ಸೋಗೆ, ಹಾಳೆ, ತೆಂಗಿನ ಸಿಪ್ಪೆಯ ರಾಶಿ, ಗೊಬ್ಬರಕ್ಕೆ ಹಾಕಿದ ತರಗೆಲೆ, ಇವನ್ನೂ ಬಿಡಬೇಡಿ. ಮರದ ಮೇಲ್ಭಾಗಕ್ಕಿಂತ ನೆಲದ ಕಡೆಯ ಬದಿಯಲ್ಲಿ ಜಾಸ್ತಿ ಸಿಗುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಮಂಡಲ ಹಾವು ಇಂಥಲ್ಲೇ ಸುರುಳಿ ಸುತ್ತಿ ಮಲಗಿರುತ್ತದೆ. ಇಂಬಳದ ಕಾಟಕ್ಕೆ ಕಾಲಿಗೆ ಸುಣ್ಣವೋ ಹೊಗೆಸೊಪ್ಪಿನ ನೀರೋ, ನಿಮ್ಮ ಮನೆಯ ಕ್ರಮ ಯಾವುದೋ ಅದು.

ನಡೆದುಕೊಂಡು ಹುಡುಕಿದರೆ ಏನೂ ಕಾಣುವುದಿಲ್ಲ. ಹೆಚ್ಚಿನವುಗಳ ಎತ್ತರ ಬರೀ ಒಂದೆರಡು ಮಿಲಿಮೀಟರ್. ಒಂದು ಮರದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಟಾರ್ಚನ್ನು ಮರಕ್ಕೆ ತಾಗಿದ ಹಾಗೆ ಅಡ್ಡಕ್ಕೆ ಹಿಡಿದು, ತುದಿಯಿಂದ ತುದಿಗೆ ಬೆಳಕು ಹಾಯಿಸಿ. ಅಡ್ಡ ಬೆಳಕಿಗೆ ಪ್ರತಿ ಕಾಯಿಯ ನೆರಳು ಉದ್ದಕ್ಕೆ ಬೀಳುತ್ತದೆ, ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. 10 ಪಟ್ಟು ದೊಡ್ಡದು ಮಾಡುವ ಕೈಮಸೂರ ಒಂದಿದ್ದರೆ ಇನ್ನೂ ಒಳ್ಳೆಯದು. ಹತ್ತು ಮರ ಸುತ್ತುವುದಕ್ಕಿಂತ ಒಂದೇ ಮರದಲ್ಲಿ ಅರ್ಧ ಗಂಟೆ ಕೂರುವುದು ಲಾಭ ಅಂತ ನನ್ನ ಅಭಿಪ್ರಾಯ.

ಕಂದು ಬಣ್ಣದ ಬಾಟಲಿ ಬ್ರಷ್ಷುಗಳನ್ನು ಕೂದಲೆಳೆಯ ಕಾಂಡದ ಮೇಲೆ ಗುಂಪಾಗಿ ನಿಲ್ಲಿಸಿದ ಹಾಗಿದ್ದರೆ ಅದು ಸ್ಟೆಮೊನಿಟಿಸ್. ಗುಲಾಬಿ ಬಣ್ಣದ ಗುಂಡು ಉಂಡೆಗಳು, ಕಡ್ಡಿಯಿಂದ ಚುಚ್ಚಿದರೆ ಗುಲಾಬಿ ಲೋಳೆ ಬರುತ್ತದೆ ಅಂದರೆ ಲೈಕೊಗಾಲಾ. ಬೆಳೆದ ಮೇಲೆ ಅದೇ ಉಂಡೆ ಬೂದುಗಂದಾಗಿ ಒಳಗೆಲ್ಲ ಪುಡಿ. ಆರ್ಸಿರಿಯಾದ್ದು ಕೆಂಪೋ ಬೂದೋ ಬಣ್ಣ, ಊದಿದರೆ ಪುಡಿ ಹಾರುತ್ತದೆ. ಹಿಮದ ಕಡ್ಡಿಗಳ ಹಾಗೆ ಬೆಳ್ಳಗೆ ಹಬ್ಬಿದ್ದು ಸೆರಾಟಿಯೊಮಿಕ್ಸಾ. ಇಷ್ಟು ಗುರುತಾದರೆ ಮೊದಲ ಮಳೆಗಾಲಕ್ಕೆ ಧಾರಾಳವಾಯಿತು. ಕೆಲವು ಜಾತಿ ತರಕಾರಿ ಗಿಡದ ದಂಟಿಗೂ ಹತ್ತುತ್ತವೆ. ರೋಗ ಬಂತು ಅಂತ ಬೋರ್ಡೋ ದ್ರಾವಣ ತರಲು ಓಡಬೇಡಿ, ಅವು ಗಿಡವನ್ನು ತಿನ್ನುವುದಿಲ್ಲ.

ಇನ್ನು ಫೋಟೊ. ದುಬಾರಿ ಕ್ಯಾಮೆರಾ ಇಲ್ಲದಿದ್ದರೆ ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಸಾಕು. ಮೇಲಿನಿಂದ ತೆಗೆಯಬೇಡಿ, ಬರೀ ಚುಕ್ಕೆಗಳು ಬರುತ್ತವೆ. ಕ್ಯಾಮೆರಾ ಕಾಯಿಗಳ ಮಟ್ಟಕ್ಕೆ ಇಳಿಯಬೇಕು, ಅಂದರೆ ನೀವೂ ಹಾಳೆ ಹಾಸಿಕೊಂಡು ಕೆಸರಲ್ಲಿ ಮಲಗಬೇಕು. ನೇರ ಫ್ಲ್ಯಾಶ್ ಬೇಡ, ಒದ್ದೆ ಲೋಳೆಯ ಮೇಲೆ ಬಿಳಿ ಹೊಳಪು ಬಿದ್ದು ಬಣ್ಣವೇ ಹೋಗುತ್ತದೆ. ಟಾರ್ಚಿನ ಮುಂದೆ ಟಿಶ್ಯೂ ಕಾಗದ ಹಿಡಿದು ಬದಿಯಿಂದ ಬೆಳಕು ಕೊಡಿ. ಕ್ಯಾಮೆರಾ ಕೈಯಲ್ಲಿ ಹಿಡಿಯುವುದಕ್ಕಿಂತ ಅಕ್ಕಿ ತುಂಬಿದ ಬಟ್ಟೆ ಚೀಲದ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಅಲುಗಾಡುವುದಿಲ್ಲ.

ಇಷ್ಟು ಹತ್ತಿರದಿಂದ ತೆಗೆದಾಗ ಒಂದು ಕಾಯಿಯ ಮುಂಭಾಗ ಸ್ಪಷ್ಟ ಬಂದರೆ ಹಿಂಭಾಗ ಮಸುಕು. ಅದಕ್ಕೆ ಮುಂದಿನಿಂದ ಹಿಂದಕ್ಕೆ ಫೋಕಸನ್ನು ಚೂರು ಚೂರೇ ಸರಿಸುತ್ತಾ ಹದಿನೈದಿಪ್ಪತ್ತು ಫೋಟೊ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿ ಒಂದೇ ಚಿತ್ರ ಮಾಡುತ್ತಾರೆ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ದುಡ್ಡು ಕೊಡಬೇಕಾದವು, ಪಿಕೊಲೇ ಪುಕ್ಕಟೆ. ಗಾಳಿ ಬಂದರೆ ಎಲ್ಲ ಹಾಳು, ಕೊಡೆ ಅಡ್ಡ ಇಡಿ. ಒಂದು ಫೋಟೊದಲ್ಲಿ ಪಕ್ಕಕ್ಕೆ ಬೆಂಕಿಕಡ್ಡಿ ಇಟ್ಟುಕೊಂಡರೆ ಅಳತೆಯೂ ಸಿಕ್ಕಿತು.

ತೆವಳುವ ಹಂತದ ಲೋಳೆ ಸಿಕ್ಕಿದರೆ ಜಾಗ ಗುರುತು ಮಾಡಿ ಮರುದಿನ ಬೆಳಗ್ಗೆ ಬೇಗ ಹೋಗಿ ನೋಡಲೇಬೇಕು, ಯಾಕೆಂದರೆ ಸ್ಟೆಮೊನಿಟಿಸ್ ಒಂದೇ ರಾತ್ರಿಯಲ್ಲಿ ಬಿಳಿ ಲೋಳೆಯಿಂದ ಎದ್ದು ನಿಂತು ಕಂದಾಗಿಬಿಡುವುದುಂಟು. ಪ್ರಯೋಗಾಲಯದವರ ಪ್ರೀತಿಯ ಫೈಸರಮ್ ಪಾಲಿಸೆಫಾಲಮ್ ಎಂಬ ಸ್ಲೈಮ್ ಮೋಲ್ಡ್ ಗಂಟೆಗೆ ಒಂದು ಸೆಂಟಿಮೀಟರಿನಷ್ಟು ತೆವಳುತ್ತದೆ. 2000ದಲ್ಲಿ ಜಪಾನಿನ ತೊಶಿಯುಕಿ ನಾಕಾಗಾಕಿ ತಂಡ ಅದರಿಂದ ಓಟ್ಸಿನ ಆಸೆಗೆ ಚಕ್ರವ್ಯೂಹದ ಹತ್ತಿರದ ದಾರಿ ಹುಡುಕಿಸಿತ್ತು. ನಿಮಿಷಕ್ಕೊಂದು ಚಿತ್ರದ ಟೈಮ್ ಲ್ಯಾಪ್ಸ್ ಇಟ್ಟರೆ ಕಾಡಿನ ಲೋಳೆಯ ನಡಿಗೆಯೂ ಕಾಣುತ್ತದೆ.

ಮಳೆಯಲ್ಲಿ ಹೊರಗೆ ಹೋಗಲಾಗದವರಿಗೆ ಇನ್ನೊಂದು ದಾರಿ ಇದೆ. ಅಂಗಳದ ಹಲಸಿನ ಮರದ ಒಣ ತೊಗಟೆ ಚೂರುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಟಿಶ್ಯೂ ಮೇಲೆ ಹರಡಿ, ನೀರು ಹೊಯ್ದು ಒಂದು ದಿನ ಬಿಟ್ಟು ಹೆಚ್ಚಿನ ನೀರು ಚೆಲ್ಲಿ. ಬಿಸಿಲು ಬೀಳದ ಕಡೆ ಇಟ್ಟು ಒಂದೆರಡು ದಿನಕ್ಕೊಮ್ಮೆ ಮಸೂರದಲ್ಲಿ ನೋಡುತ್ತಾ ಇರಿ. ಕೆಲವು ದಿನಗಳಲ್ಲೇ ಬರಬಹುದು, ವಾರಗಟ್ಟಲೆ ಕಾಯಬೇಕಾಗಿಯೂ ಬರಬಹುದು. ಮೀಸಲು ಅರಣ್ಯದಿಂದ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚೂರೂ ತರಬೇಡಿ, ನಾಗಬನದಿಂದ ತರಬಾರದು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ.

ಹೆಸರು ಪತ್ತೆ ಮಾಡಲು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಫೋಟೊ ಹಾಕಿ. ಇಡೀ ಗುಂಪಿನದ್ದೊಂದು, ಒಂದೇ ಕಾಯಿಯದ್ದೊಂದು, ಕಾಂಡ ಕಾಣುವ ಹಾಗೆ ಬದಿಯದ್ದೊಂದು, ಜೊತೆಗೆ ಅದು ಇದ್ದದ್ದು ಯಾವ ಮರದ ಮೇಲೆ ಅನ್ನುವುದನ್ನೂ ಬರೆಯಿರಿ. ಎಷ್ಟೋ ಸಲ ಕುಲದ ಹೆಸರಿನವರೆಗೆ ಮಾತ್ರ ಹೇಳಲು ಬರುತ್ತದೆ, ಜಾತಿ ಗೊತ್ತಾಗಬೇಕಾದರೆ ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು.